ನಾನು ಸಾಕಿದ ಜಿರಳೆಗಳು

ನಮ್ಮ ಮನೆಯಲ್ಲಿ ಜಿರಳೆಗಳಿವೆ. ತಾವಾಗಿ ಬಂದು ಸೇರಿಕೊಂಡವಲ್ಲ, ನಾನೇ ತರಿಸಿ, ಉಣಿಸಿ, ಮರಿ ಮಾಡಿಸಿದವು. ಮಣ್ಣಗುಡ್ಡದ ಈ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹತ್ತಿ ಬರುವ ನೆಂಟರಿಗೆ ಚಾ ಕೊಡುವ ಮೊದಲೇ ಈ ವಿಷಯ ಹೇಳಿಬಿಡುತ್ತೇನೆ. ಕೆಲವರು ಚಾ ಕುಡಿಯದೆ ಎದ್ದು ಹೋಗಿದ್ದಾರೆ. ಹೋಗಲಿ, ಸಕ್ಕರೆ ಉಳಿಯಿತು.

ಇದೆಲ್ಲ ಶುರುವಾದದ್ದು ಒಂದು ಓತಿಯಿಂದ. ಕೊಡಿಯಾಲ್‌ಬೈಲಿನ ನಮ್ಮ ಆಫೀಸಿನಲ್ಲಿ ಜೊತೆಗಿದ್ದವಳೊಬ್ಬಳಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಅವಳು ಸಾಕಿದ್ದ ಬಿಯರ್ಡೆಡ್ ಡ್ರ್ಯಾಗನ್ ಮರಿಯನ್ನು ಗಾಜಿನ ತೊಟ್ಟಿ, ದೀಪಗಳ ಸಮೇತ ನನಗೆ ಒಪ್ಪಿಸಿದಳು. ಅಂಗೈಯುದ್ದದ, ಮೈಯೆಲ್ಲ ಮುಳ್ಳಿನಂಥ ಚರ್ಮದ, ಸಿಟ್ಟು ಬಂದರೆ ಗಂಟಲು ಉಬ್ಬಿಸುವ ಗಡ್ಡದ ಓತಿ. "ಒಬ್ಬರೇ ಇದ್ದೀರಲ್ಲ, ನಿಮಗೊಂದು ಕಂಪನಿ ಆಗ್ತದೆ" ಎಂದಳು. ನಾನು ಒಬ್ಬಳೇ ಇರಲಿಲ್ಲ, ಅಮ್ಮ ಜೊತೆಗಿದ್ದಳು. ಗಂಡನನ್ನು ಬಿಟ್ಟು ಬಂದ ಹೆಂಗಸು ಹತ್ತು ಜನರ ನಡುವೆ ಕೂತಿದ್ದರೂ ಊರಿನ ಲೆಕ್ಕದಲ್ಲಿ ಒಬ್ಬಳೇ. ಬೇಡ ಎನ್ನಬೇಕೆಂದಿದ್ದವಳು ಆ ಮಾತು ಕೇಳಿದ ಸಿಟ್ಟಿಗೆ ತೊಟ್ಟಿಯನ್ನು ಆಟೋಕ್ಕೆ ಏರಿಸಿದೆ.

ದೊಡ್ಡದಾದ ಮೇಲೆ ಈ ಪ್ರಾಣಿ ಸೊಪ್ಪು ತಿಂದುಕೊಂಡಿರುತ್ತದೆ. ಮರಿಯಾಗಿರುವಾಗ ಅದಕ್ಕೆ ಹುಳವೇ ಊಟ, ಅದೂ ಜೀವಂತ ಹುಳ. ಅದರ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ಹುಳ ದೊಡ್ಡದಿರಬಾರದು, ಇದ್ದರೆ ಹೊಟ್ಟೆ ಕಟ್ಟುತ್ತದೆ. ಅಂಗಳದಲ್ಲಿ ಹಿಡಿದು ಹಾಕುವ ಹಾಗೂ ಇಲ್ಲ, ಸೊಳ್ಳೆಗೆಂದು ಬಿಟ್ಟ ಹೊಗೆಯ ವಿಷ ಹುಳದ ಮೈಯಲ್ಲಿರುತ್ತದೆ. ಹಾಗಾಗಿ ಅಂಗಡಿಯಿಂದ ಒಂದು ಡಬ್ಬಿ ಜೀರುಂಡೆ ತಂದೆ. ಅವನ್ನು ಮನೆಯಲ್ಲೇ ಬೆಳೆಸುವುದೆಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ಅಮ್ಮ.

ಅಮ್ಮ ಮೊಣಕಾಲು ಕೈಕೊಡುವವರೆಗೂ ಮೀನು ಮಾರಿದವಳು. ನನ್ನ ಫೀಸು, ನನ್ನ ಮದುವೆ, ಆ ಮದುವೆಯಿಂದ ನಾನು ಹೊರಬಂದ ಮೇಲಿನ ಊಟ, ಎಲ್ಲ ಆ ಮೀನಿನ ಬುಟ್ಟಿಯಿಂದಲೇ ಬಂದದ್ದು. ಈ ಫ್ಲಾಟಿಗೆ ನಾವು ಬಂದ ಹೊಸತರಲ್ಲಿ ಲಿಫ್ಟಿನಲ್ಲಿ ಒಬ್ಬಾಕೆ ಅಮ್ಮನ ಕೈಚೀಲ ನೋಡಿ ಮೂಗಿಗೆ ಸೆರಗು ಹಿಡಿದಳಂತೆ. ಅಂದಿನಿಂದ ಅಮ್ಮ ಮೀನಿನ ಚೀಲ ಹಿಡಿದರೆ ಲಿಫ್ಟು ಹತ್ತುತ್ತಿರಲಿಲ್ಲ. ಆ ಮೊಣಕಾಲು ಇಟ್ಟುಕೊಂಡು ಮೂರು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ಒಣಮೀನು ಹುರಿಯಬೇಕಾದರೆ ಮೊದಲು ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು, ಆಮೇಲೆ ಹೊಗೆಯಲ್ಲಿ ನಿಂತು ಕೆಮ್ಮುತ್ತಿದ್ದಳು. ನಾನು ಎಷ್ಟು ಜಗಳ ಮಾಡಿದರೂ "ಇರ್ಲಿ ಮಗಾ, ನಾಲ್ಕು ಜನ ಇರುವ ಜಾಗ" ಎನ್ನುವುದೇ ಉತ್ತರ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಅಮ್ಮ ಜೀರುಂಡೆಗಳಿಗೆ ಬಾಣಂತಿಗೆ ಮಾಡುವ ಆರೈಕೆ ಮಾಡಿದಳು. ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯೊಂದು ಮನೆಯಲ್ಲಿತ್ತು, ಅದರಲ್ಲಿ ಅವನ್ನಿಟ್ಟು ತಂಪಾಗಿರಲಿ ಎಂದು ಮುಚ್ಚಳ ಹಾಕಿದಳು. ಊಟಕ್ಕೆ ಬಾಲ್ಕನಿಯ ಬಸಳೆ ಎಲೆ, ಅದರ ಮೇಲೆ ಒಣಸಿಗಡಿ ಪುಡಿ. ನಮ್ಮ ಮನೆಯಲ್ಲಿ ಬಸಳೆಗೆ ಸಿಗಡಿ ಬೀಳದಿದ್ದರೆ ಅದು ಪದಾರ್ಥವೇ ಅಲ್ಲ. "ಇವು ಗಟ್ಟಿಯಾದ್ರೆ ಓತಿಯೂ ಗಟ್ಟಿಯಾಗ್ತದೆ" ಎಂದಳು. ನನಗೂ ಸರಿ ಕಂಡಿತು. ನಾನು ಬೆಳೆದದ್ದೂ ಅದನ್ನೇ ತಿಂದು.

ಅಷ್ಟರಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಮುಚ್ಚಳ ತೆಗೆದಾಗ ಒಳಗೆ ಬಿಳಿ ಬೂಸ್ಟು, ಕೊಳೆತ ಬಸಳೆ, ಸತ್ತ ಜೀರುಂಡೆಗಳ ರಾಶಿ. ವಾಸನೆ ಮೆಟ್ಟಿಲಿಳಿದು ವಾಚ್‌ಮ್ಯಾನ್ ಕುರ್ಚಿಯವರೆಗೂ ಹೋಯಿತು. ಅದೇ ವಾರ ಓತಿಯ ಹಿಂಗಾಲು ನಡುಗತೊಡಗಿತು. ಹುಳ ಕಂಡರೆ ಮುನ್ನುಗ್ಗುತ್ತಿದ್ದ ಪ್ರಾಣಿ ಈಗ ಹೊಟ್ಟೆ ಎಳೆದುಕೊಂಡು ಎರಡು ಹೆಜ್ಜೆ ಹೋಗಿ ನಿಲ್ಲುತ್ತಿತ್ತು, ನನ್ನನ್ನು ನೋಡುತ್ತಿತ್ತು.

ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದ ಆಟೋದಲ್ಲಿ ತೊಡೆಯ ಮೇಲೆ ಓತಿಯ ಪೆಟ್ಟಿಗೆ ಇಟ್ಟುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆ. ಅವರು ಓತಿಯ ದವಡೆ ಒತ್ತಿ ನೋಡಿ, ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗುತ್ತಿದೆ ಎಂದರು.

"ಹುಳಕ್ಕೆ ಎಂತ ಹಾಕ್ತೀರಿ?"

"ಬಸಳೆ, ಒಣಸಿಗಡಿ."

ಅವರು ಸ್ವಲ್ಪ ಹೊತ್ತು ನಗು ತಡೆದುಕೊಂಡರು. "ಅದು ನಮ್ಮ ಊಟ ಆಯ್ತಲ್ಲ ಮಾರಾಯ್ರೆ!" ಬಸಳೆಯಲ್ಲಿರುವ ಒಂದು ಆಮ್ಲ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಹಿಡಿದಿಡುತ್ತದಂತೆ. ನುಗ್ಗೆಸೊಪ್ಪು ಹಾಕಿ, ಹುಳದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಿ, ಬಿಸಿಲಿನ ಬದಲಿಗೆ ಹಾಕುವ ದೀಪ ಹಳತಾಗಿರಬೇಕು, ಅದನ್ನೂ ಬದಲಿಸಿ ಎಂದರು. ಕೊನೆಗೆ ನಗು ಬಿಟ್ಟು ಹೇಳಿದರು, "ಈಗ ಊಟ ತಪ್ಪಿದ್ರೆ ಇದು ಮತ್ತೆ ನಡೆಯುವುದಿಲ್ಲ."

ಮನೆಗೆ ಬಂದರೆ ಬಾಗಿಲಲ್ಲಿ ನಮ್ಮ ಅಸೋಸಿಯೇಶನ್ನಿನ ಸೆಕ್ರೆಟರಿ ನಿಂತಿದ್ದರು. ಎರಡನೇ ಮಹಡಿಯಲ್ಲಿ, ಸರಿಯಾಗಿ ನಮ್ಮ ಅಡುಗೆಮನೆಯ ಕೆಳಗಿರುವವರು, ಬ್ಯಾಂಕಿನಿಂದ ನಿವೃತ್ತರಾದವರು.

"ಮೇಡಂ, ನೀವು ಹುಳ ಸಾಕ್ತೀರಂತೆ. ಇಡೀ ಬಿಲ್ಡಿಂಗ್ ವಾಸನೆ. ಮುಂದಿನ ತಿಂಗಳ ಮೀಟಿಂಗ್‌ನೊಳಗೆ ಅದನ್ನೆಲ್ಲ ತೆಗೀಬೇಕು."

"ತೆಗೆದ್ರೆ ಇದು ಎಂತ ತಿನ್ನುವುದು ಸರ್?" ಎಂದು ಪೆಟ್ಟಿಗೆ ತೋರಿಸಿದೆ.

"ಅದನ್ನೂ ಯಾರಿಗಾದ್ರೂ ಕೊಟ್ಟುಬಿಡಿ."

ಕೊಟ್ಟುಬಿಡಿ! ಪಾತ್ರೆಯೇ ಅದು? ನಾನು ಬಾಗಿಲು ಹಾಕಿಕೊಂಡೆ. ಆಮೇಲೆ ಹಟ ಹಿಡಿದು ಓದಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ. ಮೀಲ್‌ವರ್ಮ್ ಎಂಬ ಹುಳ ಸುಲಭವಾಗಿ ಸಿಗುತ್ತಿತ್ತು, ಆದರೆ ಅದರ ಸಿಪ್ಪೆ ಗಟ್ಟಿ, ಸೋತ ಮರಿಗೆ ಅರಗದು. ಜೀರುಂಡೆ ರಾತ್ರಿಯಿಡೀ ಕಿರುಚುತ್ತದೆ, ಸತ್ತರೆ ನಾರುತ್ತದೆ. ಕೊನೆಗೆ ಉಳಿದದ್ದು ದುಬಿಯಾ ಎಂಬ ಪರದೇಶದ ಜಿರಳೆ. ಹಾರದು, ನುಣುಪಾದ ಗೋಡೆ ಹತ್ತದು, ಸದ್ದಿಲ್ಲ, ಒಣಗಿದ ಜಾಗದಲ್ಲಿಟ್ಟರೆ ವಾಸನೆಯೂ ಇಲ್ಲ. ಹುಳ ಬೇಡ ಎಂದವರ ತಲೆಯ ಮೇಲೆಯೇ ಜಿರಳೆ ಸಾಕುವುದು ನನಗೆ ಬಹಳ ಹಿಡಿಸಿತು ಎಂದು ಬಚ್ಚಿಡದೆ ಹೇಳುತ್ತೇನೆ.

ಜೀವಮಾನವಿಡೀ ಜಿರಳೆಗೆ ಚಪ್ಪಲಿ ಎತ್ತಿದ ಅಮ್ಮ ಮೊದಲ ದಿನ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಎರಡನೇ ದಿನ ಇಣುಕಿದಳು. ಆಮೇಲೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮೊಟ್ಟೆಯ ಟ್ರೇಗಳನ್ನು ನಿಲ್ಲಿಸಿದವಳೂ, ಮುಚ್ಚಳ ಕತ್ತರಿಸಿ ಗಾಳಿಗೆ ಬಲೆ ಕಟ್ಟಿದವಳೂ ಅವಳೇ. ನುಗ್ಗೆಸೊಪ್ಪನ್ನು ಒರೆಸಿ ಆರಿಸಿ ಹಾಕುತ್ತಿದ್ದಳು, ಜೊತೆಗೆ ತೌಡು, ಒಂದು ಚೂರು ಕ್ಯಾರೆಟ್. ಮಳೆಗೆ ಬೂಸ್ಟು ಬಾರದಿರಲೆಂದು ಪಕ್ಕದಲ್ಲಿ ಒಂದು ಬಲ್ಬು. ಸಣ್ಣ ಮರಿಜಿರಳೆ ಆರಿಸಿ, ಪುಡಿಯಲ್ಲಿ ಹೊರಳಿಸಿ, "ಮೀನಿಗೆ ಮಸಾಲೆ ಹಚ್ಚಿದ ಹಾಗೇ" ಎನ್ನುತ್ತ ಓತಿಯ ಮುಂದೆ ಹಿಡಿಯುತ್ತಿದ್ದಳು. ಮೀಟಿಂಗಿನ ಹೊತ್ತಿಗೆ ಓತಿ ಹೊಟ್ಟೆಯನ್ನು ನೆಲದಿಂದ ಎತ್ತಿ ನಿಲ್ಲತೊಡಗಿತ್ತು.

ಮೀಟಿಂಗು ಕೆಳಗಡೆ ಕಾರು ನಿಲ್ಲಿಸುವ ಜಾಗದಲ್ಲಿ. ನಾನು ಜಿರಳೆಯ ತೊಟ್ಟಿಯನ್ನೇ ಹೊತ್ತುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಕುರ್ಚಿಗಳೆಲ್ಲ ಹಿಂದೆ ಸರಿದವು. "ಮೂಸಿ ನೋಡಿ ಸರ್" ಎಂದೆ. ಸೆಕ್ರೆಟರಿ ಧೈರ್ಯವಂತರೇ, ಬಗ್ಗಿ ಮೂಸಿದರು. ಏನೂ ಇರಲಿಲ್ಲ.

"ಹಾಗಾದ್ರೆ ಅವತ್ತಿನ ವಾಸನೆ ಎಂತದ್ದು?"

"ಜೀರುಂಡೆ ಸತ್ತದ್ದು, ಬಸಳೆ ಕೊಳೆತದ್ದು. ಅದರ ಮೇಲೆ ಒಣಸಿಗಡಿ."

ಅವರ ಮುಖ ಬೆಳಗಿತು. "ನೋಡಿ, ನನಗೆ ಮೊದಲೇ ಡೌಟಿತ್ತು. ಈ ಒಣಮೀನಿನದ್ದೇ ತೊಂದರೆ. ಹೀಗೆ ಮಾಡುವ. ಈ ಪೆಟ್ಟಿಗೆ ನಿಮ್ಮ ಮನೆಯಲ್ಲಿ ಇರ್ಲಿ, ಯಾರೂ ಕೇಳುವುದಿಲ್ಲ. ಮನೆಯೊಳಗೆ ಒಣಮೀನು ತರುವುದಿಲ್ಲ ಅಂತ ನೀವು ಒಪ್ಪಿದ್ರೆ ಆಯ್ತು."

ಅಷ್ಟು ಸುಲಭ. ಹೂಂ ಎಂದರೆ ಓತಿಯ ಊಟ ಉಳಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಕೈ ಒತ್ತಿದಳು. "ಒಪ್ಪು ಮಗಾ. ನನಗೆ ಒಣಮೀನು ಇಲ್ಲದಿದ್ರೂ ಆಗ್ತದೆ. ಪಾಪದ ಪ್ರಾಣಿ."

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ಇದೇ ಥರ ಒಂದೊಂದನ್ನೇ ಬಿಟ್ಟುಕೊಡುತ್ತ ಬಂದಿದ್ದಳು. ಮೊದಲು ಲಿಫ್ಟು, ಆಮೇಲೆ ಕಿಟಕಿ. ಈಗ ಬಾಯಿಯ ರುಚಿ, ಅದೂ ನನ್ನ ಓತಿಗಾಗಿ.

ಎದ್ದು ನಿಂತೆ. "ಜಿರಳೆಯೂ ಇರ್ತದೆ ಸರ್, ಒಣಮೀನೂ ಇರ್ತದೆ. ನನ್ನನ್ನು ಓದಿಸಿದ ಮೀನು ಅದು, ನೀವು ಕೂಡದು ಅಂದ್ರೆ ನಾನು ಕೇಳುವುದಿಲ್ಲ. ಇನ್ನು ಮೇಲೆ ನನ್ನ ಅಮ್ಮ ಮೀನಿನ ಚೀಲ ಹಿಡಿದು ಲಿಫ್ಟಿನಲ್ಲೇ ಬರ್ತಾಳೆ. ಎಂತ ಮಾಡ್ತೀರಿ, ಮಾಡಿ."

ಹಿಂದಿನ ಸಾಲಿನಲ್ಲಿ ಕೆಳಮಹಡಿಯ ಟೀಚರ್ ಕೂತಿದ್ದರು. ಮನೆಯಲ್ಲಿ ಕೊಂಕಣಿ ಮಾತಾಡುವವರು, ಯಾರ ತಂಟೆಗೂ ಹೋಗದವರು. ಅವರು ಗಂಟಲು ಸರಿಮಾಡಿಕೊಂಡರು. "ನಾನೂ ಹುರಿಯುವುದುಂಟು, ಮಳೆಗಾಲದಲ್ಲಿ ಬೇರೆ ಮೀನು ಎಲ್ಲುಂಟು? ಕಿಟಕಿ ಮುಚ್ಚಿ ಹುರೀತೇನೆ" ಎಂದರು. ಯಾರೋ ನಕ್ಕರು. ಇನ್ನೊಬ್ಬರು "ನಮ್ಮಲ್ಲೂ ಹಾಗೇ" ಎಂದರು. ಇಷ್ಟು ಕಾಲ ಅರ್ಧ ಬಿಲ್ಡಿಂಗು ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಿತ್ತು ಎಂಬುದು ಅವತ್ತು ಗೊತ್ತಾಯಿತು. ಸೆಕ್ರೆಟರಿ ನೀರಿನ ಟ್ಯಾಂಕಿನ ವಿಷಯ ಎತ್ತಿಕೊಂಡರು. ನಾವು ತೊಟ್ಟಿ ಎತ್ತಿಕೊಂಡು ಲಿಫ್ಟಿನಲ್ಲಿ ಮೇಲೆ ಬಂದೆವು.

ಅಂದೇ ಸಂಜೆ ಅಮ್ಮ ಒಣಮೀನು ತೆಗೆದಳು. ಒಲೆ ಹಚ್ಚುವ ಮೊದಲು ಕೈ ತಾನಾಗಿ ಕಿಟಕಿಯ ಕಡೆ ಹೋಯಿತು, ಚಿಲಕದ ಮೇಲೆ ನಿಂತಿತು. ಓತಿ ತನ್ನ ಕಲ್ಲಿನ ಮೇಲೆ ನಾಲ್ಕೂ ಕಾಲೂರಿ ನಿಂತು ಮರಿಜಿರಳೆಯೊಂದನ್ನು ಕುರುಕುರು ಅಗಿಯುತ್ತಿತ್ತು. ಅಮ್ಮ ಅರ್ಧ ತೆರೆದಿದ್ದ ಕಿಟಕಿಯನ್ನು ಪೂರ್ತಿ ತೆರೆದು ಬಾಣಲೆ ಇಟ್ಟಳು.

ಸ್ವಲ್ಪ ಹೊತ್ತಿಗೆ ಕೆಳಗೆ ಸೆಕ್ರೆಟರಿಯವರ ಮನೆಯ ಕಿಟಕಿ ಧಡ್ಡನೆ ಮುಚ್ಚಿದ ಸದ್ದಾಯಿತು. ಅಮ್ಮ ಬೆಚ್ಚಿ ನನ್ನ ಮುಖ ನೋಡಿದಳು.

"ಮುಚ್ಚಿಕೊಳ್ಳಲಿ ಬಿಡು," ಎಂದೆ. "ಇಷ್ಟು ವರ್ಷ ನಾವು ಮುಚ್ಚಿದ್ದೇವೆ."