ಎರಡಿಂಚು ಮಡಿಕೆ

ಹೊನ್ನಾವರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಚೂಡಿದಾರ, ನೈಟಿ ಎಲ್ಲ ಹೊಲಿಯುತ್ತೇನೆ. ಮಕ್ಕಳ ಬಟ್ಟೆ ಮಾತ್ರ ಮುಟ್ಟುವುದಿಲ್ಲ. ನಾಲ್ಕು ವರ್ಷದ ಮಗಳು ಜ್ವರದಲ್ಲಿ ಹೋದ ಮೇಲೆ ಬಿಟ್ಟದ್ದು. ಯಾರಾದರೂ ಫ್ರಾಕಿನ ಬಟ್ಟೆ ತಂದರೆ "ಪುರಸೊತ್ತಿಲ್ಲ" ಎಂದು ಮುಖ ತಿರುಗಿಸುತ್ತೇನೆ. ಗಂಟುಮೋರೆಯವಳು ಎಂಬ ಹೆಸರು ಬಂದಿದೆ, ಬರಲಿ.

ಹೋದ ವರ್ಷ ಮೇರಿಮಾತೆಯ ಹಬ್ಬಕ್ಕೆ ಮುಂಚೆ, ಪಕ್ಕದ ಕೇರಿಯ ಸಣ್ಣ ಇಗರ್ಜಿ ನೋಡಿಕೊಳ್ಳುವ ಮುದುಕಿ ಬಾಯಮ್ಮ ಜರಿಬಟ್ಟೆ ಹಿಡಿದು ಬಂದರು.

"ಮೇರಿಮಾತೆಗೊಂದು ಹೊದಿಕೆ, ಬಾಲಯೇಸುಗೊಂದು ಅಂಗಿ. ಹೊಲ್ದು ಕೊಡಿ ಅಕ್ಕ, ಆತಾ?"

ಆಗುವುದಿಲ್ಲ ಎನ್ನಬೇಕೆಂದಿದ್ದೆ. ಮೂರ್ತಿ ತಾನೆ, ಅದೆಂಥ ಮಗು ಎಂದುಕೊಂಡು ಟೇಪು ಹಿಡಿದು ಹೊರಟೆ.

ತಾಯಿಯ ಎಡಗೈ ಮೇಲೆ ಮಗು. ಎರಡೂ ಒಂದೇ ಮರದಲ್ಲಿ ಕೆತ್ತಿದ್ದು. ಎದೆಸುತ್ತು ಅಳೆಯಲು ಹೋದರೆ ಮಗುವಿನ ಬೆನ್ನಿಗೂ ಅವಳ ಮೈಗೂ ನಡುವೆ ಟೇಪು ತೂರುವಷ್ಟೂ ಸಂದಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ದೇವರನ್ನು ಕಂಡು ಹೊಟ್ಟೆಕಿಚ್ಚು ಪಡುವವರೂ ಇದ್ದಾರೆಯೇ ಎಂದರೆ, ಇದ್ದೇನೆ. ಕೊನೆಗೆ ಮುಂಭಾಗ ಮಾತ್ರ ಅಂಗಿ, ತಾಯಿಯ ತೋಳಿನ ಆಚೆ ಲಾಡಿಯ ಗಂಟು ಎಂದು ತೀರ್ಮಾನಿಸಿ ಅಂದಾಜಿನ ಮೇಲೆ ಹೊಲಿದೆ.

ಹಬ್ಬದ ಮುನ್ನಾದಿನ ನಾನೇ ಒಯ್ದು ತೊಡಿಸಿದೆ. ಚೆನ್ನಾಗಿಯೇ ಕೂತಿತು. ಬಾಯಮ್ಮ ಅಂಗಿಯ ಅಂಚು ಮುಟ್ಟಿ ನೋಡಿದರು.

"ಎಂತಕ್ಕೆ ಅಕ್ಕ, ಇಲ್ಲಿ ಇಷ್ಟು ದಪ್ಪ?"

ನೋಡಿದೆ. ಒಳಗೆ ಎರಡಿಂಚು ಬಟ್ಟೆ ಮಡಚಿಟ್ಟಿದ್ದೇನೆ! ಮಕ್ಕಳ ಬಟ್ಟೆಗೆಲ್ಲ ಹಾಗೆ ಬಿಡುತ್ತಿದ್ದೆ. ಮಗು ಉದ್ದವಾದಾಗ ಬಿಚ್ಚಿದರೆ ಇನ್ನೊಂದು ವರ್ಷ ಬರುತ್ತದೆ. ಇಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ. ನಾಚಿಕೆಯಾಗಿ ಚೀಲದಿಂದ ಕತ್ತರಿ ತೆಗೆದೆ.

"ತಪ್ಪಾತು ಬಾಯಮ್ಮ. ಕತ್ತರಿಸಿ ಕೊಡ್ತೆ. ಇದು ಬೆಳಿಯೋ ಮಗು ಅಲ್ವಲ್ಲ."

ಬಾಯಮ್ಮ ಎದುರು ಗೋಡೆಯ ಕಡೆ ನೋಡಿದರು. ಅಲ್ಲಿ ಶಿಲುಬೆಯ ಮೇಲೆ ಅದೇ ಮಗ, ಗಡ್ಡ ಬಂದವನು, ಕತ್ತು ವಾಲಿಸಿಕೊಂಡಿದ್ದ.

"ಬೆಳದ್ನಲ್ಲ ಅಕ್ಕ. ಬೆಳದೂ ಅವ್ಳಿಗೆ ಉಳೀಲಿಲ್ಲ. ಇರ್ಲಿ ಬಿಡಿ."

ಕತ್ತರಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಟ್ರಂಕಿನ ತಳದಲ್ಲಿ ಮಗಳ ಕೆಂಪು ಲಂಗವಿತ್ತು. ಶಾಲೆಗೆ ಸೇರುವಾಗ ಬಿಚ್ಚಿದರಾಯಿತೆಂದು ಅದರಲ್ಲೂ ಎರಡಿಂಚು ಮಡಚಿದ್ದೆ. ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಡಿಸಿದೆ. ಹೊರಗಿನ ಬಟ್ಟೆ ಮಾಸಿತ್ತು; ಮಡಿಕೆಯೊಳಗಿನದು ಅಂಗಡಿಯಿಂದ ತಂದ ದಿನದಷ್ಟೇ ಕೆಂಪಾಗಿತ್ತು. ಅದನ್ನು ತೊಡೆಯ ಮೇಲೆ ಹರಡಿಕೊಂಡು, ಐದು ವರ್ಷದವಳಿಗೆ ಇದು ಎಲ್ಲಿಯವರೆಗೆ ಬರುತ್ತಿತ್ತು ಎಂದು ಕೈಯಿಂದ ಅಳೆಯುತ್ತಾ ಕೂತೆ.