ಕೊಟ್ರಪ್ಪನ ಅಳತೆ ತಪ್ಪುವುದಿಲ್ಲ

ಲಕ್ಷ್ಮೇಶ್ವರದ ಕೊಟ್ರಪ್ಪ ಲೇತ್ ಯಂತ್ರದ ಮುಂದೆ ನಿಂತು ಇಪ್ಪತ್ತೆಂಟು ವರ್ಷವಾಯಿತು. ಸುತ್ತಲಿನ ಹಳ್ಳಿಗಳ ಗಿರಣಿ, ಪಂಪುಗಳ ಸವೆದ ಶಾಫ್ಟುಗಳೆಲ್ಲ ಅವನ ಕೈಗೇ ಬರುತ್ತವೆ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮಾತು ಕಡಿಮೆ, ಸೊಕ್ಕು ಜಾಸ್ತಿ. ಒಂದು ಕಾಲಕ್ಕೆ ಆ ಸೊಕ್ಕಿಗೆ ಆಧಾರವಿತ್ತು. ಅವನು ತಿರುವಿದ ಶಾಫ್ಟು ಬೇರಿಂಗಿನಲ್ಲಿ ಕೂತರೆ ಮತ್ತೆ ಅಲುಗುತ್ತಿರಲಿಲ್ಲ. ಅದು ಅವನ ಕೈಗುಣ ಎಂದು ಜನ ತಿಳಿದರು, ಅವನೂ ತಿಳಿದ. ಅರ್ಧ ಗುಣ, ಕೂದಲೆಳೆಯನ್ನೂ ಅಳೆಯುವ ಅವನ ಹಳೆಯ ಉಕ್ಕಿನ ಮೈಕ್ರೋಮೀಟರಿನದು. ಅದೇ ಓಣಿಯಲ್ಲಿ, ಯಾರ ಕಾಲೂ ಹಿಡಿಯದೆ ಅದೇ ಕಸಬು ಕಲಿತ ನನಗೆ ಇದು ಗೊತ್ತಿತ್ತು.

ಆ ಮೈಕ್ರೋಮೀಟರ್ ಸವೆದಾಗ ಗದಗಿನ ಅಂಗಡಿಯವರು ಹೊಸದಕ್ಕೆ ಎಂಟು ಸಾವಿರ ಹೇಳಿದರು. ಕೊಟ್ರಪ್ಪ ಮೊಬೈಲಿನಲ್ಲಿ ಹುಡುಕಿ, ಅಂಕಿ ತೋರಿಸುವ ಕ್ಯಾಲಿಪರನ್ನು ಏಳುನೂರಕ್ಕೆ ತರಿಸಿದ. ನಾನು ಬೇಡವೆಂದೆ. ಅವನು, ಎಂಟು ಸಾವಿರದ್ದೂ ನಲವತ್ತು ಮಿಲಿಮೀಟರನ್ನು ನಲವತ್ತೇ ಅನ್ನುತ್ತದೆ, ಏಳುನೂರರದ್ದೂ ನಲವತ್ತೇ ಅನ್ನುತ್ತದೆ, ಉಳಿದದ್ದು ಯಾರ ಹೊಟ್ಟೆಗೆ ಎಂದು ಕೇಳಿ ಚಹಾದಂಗಡಿಯವರನ್ನೆಲ್ಲ ನಗಿಸಿದ. ಎರಡು ತಿಂಗಳು ಅದು ಸರಿಯಾಗಿಯೇ ಅಳೆಯಿತು. ನಾನು ಬಾಯಿ ಮುಚ್ಚಿಕೊಂಡೆ.

ದಸರೆಯ ಮಾನಮಿ ಬಂತು. ಖಂಡೆಪೂಜೆಯ ದಿನ ನಮ್ಮ ಕಡೆ ಹತಾರಗಳನ್ನೆಲ್ಲ ತೊಳೆದು, ನೆನೆಸಿದ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದ ನೀರು ಚಿಮುಕಿಸುತ್ತಾರೆ. ಹಳೆಯ ಉಕ್ಕಿನ ಮೈಕ್ರೋಮೀಟರ್ ಅಷ್ಟು ವರ್ಷದ ಪೂಜೆ ಉಂಡು, ಮರುದಿನ ಎಣ್ಣೆಯ ಅರಿವೆ ಆಡಿಸಿದರೆ ಹೊಳೆಯುತ್ತಿತ್ತು. ಕೊಟ್ರಪ್ಪ ಕ್ಯಾಲಿಪರಿಗೂ ಅದೇ ಮರ್ಯಾದೆ ಮಾಡಿದ. ನೀರು ತಡೆಯುವ ಶಕ್ತಿ ಅಗ್ಗದ ಮಾಲಿಗೆ ಎಲ್ಲಿಂದ ಬರಬೇಕು? ವಿಭೂತಿಯ ನೀರು ಒಳಗಿಳಿಯಿತು. ಮುಚ್ಚಿ ಹಿಡಿದರೆ ಸರಿಯಾಗಿ ಸೊನ್ನೆ ತೋರಿಸುತ್ತಿತ್ತು. ತೆರೆದು ಅಳೆದರೆ ಇದ್ದದ್ದಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಹೇಳುತ್ತಿತ್ತು. ಅದು ನಲವತ್ತು ಅನ್ನುವ ಹೊತ್ತಿಗೆ ಶಾಫ್ಟು ಅಷ್ಟೇ ಸಣ್ಣಗಾಗಿರುತ್ತಿತ್ತು. ಕೊಟ್ರಪ್ಪ ಸೊನ್ನೆ ನೋಡಿ ನಂಬಿದ.

ಆ ವಾರವೇ ಅಡರಕಟ್ಟಿಯ ಹುಚ್ಚವ್ವ ತನ್ನ ಹಿಟ್ಟಿನ ಗಿರಣಿಯ ಸವೆದ ಶಾಫ್ಟು ತಂದಳು. ಗಂಡ ಮೊಣಕಾಲು ಹಿಡಿದುಕೊಂಡು ಕೂತ ಮೇಲೆ, ಮೈದುನ ಬೀರಲಿಂಗಪ್ಪನ ಪಾಲಾಗಬೇಕಿದ್ದ ಗಿರಣಿಯ ಕೀಲಿಯನ್ನು ಜಗಳಾಡಿ ಉಡಿಗೆ ಕಟ್ಟಿಕೊಂಡವಳು. ಹೆಂಗಸಿಗೆ ಯಂತ್ರ ಒಗ್ಗುವುದಿಲ್ಲ ಎಂದವರ ಮುಂದೆ ಆರು ವರ್ಷ ನಡೆಸಿದ್ದಳು. ಗಿರಣಿ ಅರ್ಧ ದಿನ ನಿಂತರೂ ಮೈದುನ ಬಂದು ಬಾಗಿಲಿಗೆ ಆನಿಕೊಳ್ಳುತ್ತಿದ್ದ.

ಕೊಟ್ರಪ್ಪ ತಿರುವಿಕೊಟ್ಟ ಹೊಸ ಶಾಫ್ಟು ಎರಡೇ ದಿನಕ್ಕೆ ಬೇರಿಂಗಿನಲ್ಲಿ ಜಾರಿತು. ಗಿರಣಿ ನಡುಗಿ, ಮೋಟಾರಿನಿಂದ ಗಾಲಿಗೆ ಸುತ್ತಿದ ಪಟ್ಟಾ ಕಳಚಿತು. ಹುಚ್ಚವ್ವ ಶಾಫ್ಟು ಬಿಚ್ಚಿಸಿಕೊಂಡು ಬಂದು, ಅಳತೆಯಲ್ಲಿ ಏನೋ ಕಡಿಮೆಯಾಗಿದೆ ಎಂದಳು. ಕೊಟ್ರಪ್ಪ ಸವೆಯದ ಕಡೆ ಕ್ಯಾಲಿಪರ್ ಹಿಡಿದು ಅಂಕಿಯನ್ನು ಅವಳ ಮುಖಕ್ಕೆ ತೋರಿಸಿದ.

"ಓದಾಕ ಬರತೈತೇನು? ನಲವತ್ತು. ಪಟ್ಟಾನ ಎತ್ತಿನ ಹಗ್ಗ ಜಗ್ಗಿದಂಗ ಬಿಗದೀ, ಶಾಫ್ಟ್ ಏನ್ ಮಾಡಬೇಕು?"

ಅವನ ಅಂಗಡಿಯಲ್ಲಿ ಕೂತಿದ್ದವರಲ್ಲೊಬ್ಬ, ರೊಟ್ಟಿ ಬಡಿಯುವ ಕೈಯಲ್ಲವೇ ಎಂದ. ಉಳಿದವರು ನಕ್ಕರು. ಕೊಟ್ರಪ್ಪ ಅದೇ ಕ್ಯಾಲಿಪರಿನಲ್ಲಿ ಅಳೆದು ಇನ್ನೊಂದು ಶಾಫ್ಟು ತಿರುವಿಕೊಟ್ಟು, ಪಟ್ಟಾ ಸಡಿಲ ಬಿಡಲು ಹೇಳಿ ಕಳಿಸಿದ. ಹುಚ್ಚವ್ವ ಹೇಳಿದಂತೆಯೇ ಮಾಡಿದಳು.

ಸಡಿಲ ಪಟ್ಟಾ, ಜಾರುವ ಶಾಫ್ಟು. ಸಂತೆಯ ದಿನ ಜೋಳದ ಡಬ್ಬಿಗಳ ಸಾಲು ಬೀದಿಯವರೆಗೆ ನಿಂತಿತ್ತು, ಬೀರಲಿಂಗಪ್ಪ ಬಾಗಿಲಲ್ಲಿದ್ದ. ಪಟ್ಟಾ ಗಾಲಿಯ ಅಂಚಿಗೆ ಸರಿಯಿತು. ಮೋಟಾರು ನಿಲ್ಲಿಸಿದರೆ ಅವನು ಏನನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ನಿಲ್ಲಿಸದೆ ಕೈಯಿಂದ ಒಳಗೆ ತಳ್ಳಿದಳು. ಬಲಗೈಯ ಮೂರು ಬೆರಳು ಹೋದವು.

ಸುದ್ದಿ ಕೇಳಿದ ಕೊಟ್ರಪ್ಪ ಕ್ಯಾಲಿಪರ್ ಹಿಡಿದು ನನ್ನಲ್ಲಿಗೆ ಬಂದ. ನನ್ನ ಬಳಿ ಸರಿಯಾಗಿ ನಲವತ್ತು ಮಿಲಿಮೀಟರಿನ ಉಕ್ಕಿನ ತುಂಡೊಂದಿದೆ. ಮೂರು ಸಲ ಅಳೆದ. ಮೂರು ಸಲವೂ ನಲವತ್ತಕ್ಕಿಂತ ಹೆಚ್ಚೇ ತೋರಿಸಿತು. ನಾನು ಅವನ ಎದುರಿಗೇ ಅದರ ಬೆನ್ನು ಬಿಚ್ಚಿದೆ. ಒಳಗೆ ಬೂದಿ ಹೆಪ್ಪುಗಟ್ಟಿತ್ತು. ಹೋಗಿ ಅವಳಿಗೆ ಹೇಳು ಎಂದೆ. ಹೆಸರು ಹೋದ ಮೇಲೆ ಲೇತನ್ನು ಗುಜರಿಯ ತೂಕಕ್ಕೆ ಹಾಕಬೇಕಾಗುತ್ತದೆ ಎಂದ.

ಆಸ್ಪತ್ರೆಗೆ ಬಾಳೆಹಣ್ಣು ಹಿಡಿದು ಹೋದ. ನಾನೂ ಜೊತೆಗಿದ್ದೆ. ಗಂಡ, ಮೈದುನ ಇಬ್ಬರೂ ಮಂಚದ ಬಳಿ ನಿಂತಿದ್ದರು. ಹುಚ್ಚವ್ವ ಅವರ ಮುಂದೆಯೇ ಕೇಳಿದಳು.

"ಕೊಟ್ರಪ್ಪಣ್ಣ, ಖರೆ ಹೇಳು. ತಪ್ಪು ನಂದ ಐತೇನು?"

ಅವನು ಹಣ್ಣಿನ ಚೀಲವನ್ನು ಮಂಚದ ಕೆಳಗೆ ಸರಿಸಿ, "ಪಟ್ಟಾದಾಗ ಕೈ ಹಾಕಂತ ನಾ ಹೇಳಿದ್ನೇನವಾ?" ಅಂದ.

ಅವಳು ಕೇಳುವುದನ್ನು ಬಿಟ್ಟಳು. ನಾನು ಕ್ಯಾಲಿಪರಿನ ವಿಷಯ ಬಾಯಿ ಬಿಟ್ಟು ಹೇಳಿದೆ. ಒಂದೇ ಕಸಬಿನವರ ಹೊಟ್ಟೆಕಿಚ್ಚು ಆಸ್ಪತ್ರೆಗೂ ಬಂತಲ್ಲ ಎಂದು ಬೀರಲಿಂಗಪ್ಪ ನನ್ನನ್ನು ಹೊರಗೆ ಕಳಿಸಿದ. ಕೊಟ್ರಪ್ಪ ನನ್ನ ಕಡೆ ನೋಡಲಿಲ್ಲ.

ಮರುದಿನವೇ ಅವನು ಗದಗಿಗೆ ಹೋಗಿ ಎಂಟು ಸಾವಿರದ ಮೈಕ್ರೋಮೀಟರನ್ನು ತಂದ. ಅದರಲ್ಲಿ ಅಳೆದು ಮೂರನೆಯ ಶಾಫ್ಟು ತಿರುವಿ, ಪುಕ್ಕಟೆಯಾಗಿ ಕೊಟ್ಟು, ತಾನೇ ಅಡರಕಟ್ಟಿಗೆ ಹೋಗಿ ಕೂಡಿಸಿ ಬಂದ. ಕೀಲಿ ಬೀರಲಿಂಗಪ್ಪನ ಸೊಂಟಕ್ಕೆ ಹೋಯಿತು. ಗಿರಣಿ ಈಗ ನಡುಗುವುದಿಲ್ಲ, ಪಟ್ಟಾ ಕಳಚುವುದಿಲ್ಲ. ಅದೇ ಗಿರಣಿ, ಅದೇ ಕೊಟ್ರಪ್ಪನ ಶಾಫ್ಟು, ಬದಲಾದದ್ದು ನಡೆಸುವ ಕೈ ಒಂದೇ ಎಂದು ಊರು ಲೆಕ್ಕ ಹಾಕಿದೆ. ಹುಚ್ಚವ್ವ ಎಡಗೈಯಲ್ಲಿ ಜೋಳದ ಡಬ್ಬಿ ಹಿಡಿದು ಆ ಸಾಲಿನಲ್ಲೇ ನಿಲ್ಲುತ್ತಾಳೆ. ಯಾರಾದರೂ ಕೇಳಿದರೆ, ತನಗೆ ಯಂತ್ರ ಒಗ್ಗಲಿಲ್ಲ ಎಂದು ಅವಳೇ ಹೇಳುತ್ತಾಳೆ.