ಹತ್ತದ ಏಣಿಗಳು

ಮೈತೂಕ ನೋಡಿ ಸಂಬಳ ಕೊಡುವ ಕೆಲಸ ಲೋಕದಲ್ಲಿ ಎಷ್ಟಿವೆಯೋ ಗೊತ್ತಿಲ್ಲ, ಮಣದಣ್ಣನಿಗೆ ಸಿಕ್ಕಿದ್ದು ಅಂಥದ್ದೊಂದು. ಇಪ್ಪತ್ತೊಂದು ವರ್ಷದ ಹಿಂದೆ, ಮಡಚುವ ಏಣಿ ತಯಾರಿಸುವ ಕಾರ್ಖಾನೆಗೆ ಲಾರಿಯಿಂದ ಮಾಲು ಇಳಿಸಲು ಹೋದವನನ್ನು ಅಂದಿನ ಮಾಲೀಕರು ಅಂಗಾಲಿನಿಂದ ನೆತ್ತಿಯವರೆಗೆ ನೋಡಿ, "ಎಷ್ಟು ತೂಗ್ತೀಯಪ್ಪ?" ಎಂದು ಕೇಳಿದರು. "ನೂರಾ ನಾಲ್ಕು ಕೆಜಿ" ಎಂದ. "ಹಾಗಿದ್ರೆ ನಾಳೆಯಿಂದ ಇಲ್ಲಿಗೇ ಬಾ. ನಾವು ಮಾಡಿದ ಏಣಿ ಹತ್ತಿ ನೋಡೋದೇ ನಿನ್ನ ಕೆಲಸ. ನೀನು ನಿಂತ್ರೆ ಊರೆಲ್ಲ ನಿಂತ ಹಾಗೆ." ಮಣದಣ್ಣ ಎಂಬ ಹೆಸರೂ ಅಂದೇ ಅಂಟಿತು. ಮನೆಯಲ್ಲಿಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಕೆಲಸ ಹೇಳುವುದಕ್ಕೆ ಸುಲಭ. ಒಂಬತ್ತು ಮೆಟ್ಟಿಲಿನ ಏಣಿಯನ್ನು ಬಿಡಿಸಿ ನಿಲ್ಲಿಸಬೇಕು, ಎರಡೂ ಪಕ್ಕದ ಕೊಂಡಿ ಸಿಕ್ಕಿಸಬೇಕು, ಹತ್ತಬೇಕು, ಆರನೆಯ ಮೆಟ್ಟಿಲ ಮೇಲೆ ನಿಂತು ಎರಡು ಸಲ ಮೈ ಕುಲುಕಬೇಕು. ಏಣಿ ಅಲುಗದಿದ್ದರೆ ತುತ್ತತುದಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಇಳಿಯಬೇಕು. ದಿನಕ್ಕೆ ಸುಮಾರು ನಲವತ್ತು ಏಣಿ. ಕೂತಲ್ಲಿ ಕೂರದ ಜೀವಕ್ಕೆ ಹೇಳಿ ಮಾಡಿಸಿದ ಕೆಲಸವದು. ಮನೆಗೆ ಬಂದ ಮೇಲೂ ಅವನು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಲೇ ಇರುತ್ತಿದ್ದ. "ಒಂದು ಕಡೆ ಕೂತ್ಕೊಳ್ರೀ, ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ" ಎಂದು ಹೆಂಡತಿ ಗದರಿದರೆ, ಕೂತರೆ ಕುರ್ಚಿಗೆ ಕಷ್ಟ ಎಂದು ನಗುತ್ತಿದ್ದ.

ಹೋದ ವರ್ಷ ಕಾರ್ಖಾನೆಗೆ ಸಾಫ್ಟ್‌ವೇರ್ ಬಂತು. ಗೋಡೆಗೆ ದೊಡ್ಡ ಪರದೆ ತೂಗುಹಾಕಿದರು. ಕತ್ತರಿಸುವವರು, ತೂತು ಕೊರೆಯುವವರು, ರಿವೆಟ್ ಹೊಡೆಯುವವರು, ಏಣಿ ಹತ್ತುವವನು, ಪ್ಯಾಕಿಂಗ್‌ನವರು, ಎಲ್ಲರಿಗೂ ಅದರಲ್ಲಿ ಒಂದೊಂದು ಚೌಕ. ಕೆಲಸ ಸಾಗುತ್ತಿದ್ದರೆ ಚೌಕ ಹಸಿರು, ನಿಂತರೆ ಕೆಂಪು. ಚೌಕ ಕೆಂಪಾದರೆ ಮ್ಯಾನೇಜರ್ ಮೆಟ್ಟಿಲಿಳಿದು ಬಂದು ನಿಂತುಬಿಡುತ್ತಿದ್ದರು. ಬೈಯುವವರಲ್ಲ, ಸುಮ್ಮನೆ ನಿಲ್ಲುವವರು. ಅದಕ್ಕಿಂತ ಎರಡು ಮಾತು ಬೈದಿದ್ದರೇ ವಾಸಿಯಿತ್ತು.

ಸೀಮೆಸುಣ್ಣ ಹೋಗಿ ಸ್ಟಿಕ್ಕರ್ ಬಂತು. ಪ್ರತಿ ಏಣಿಗೂ ಒಂದು ನಂಬರು, ಅದರ ಕೆಳಗೆ ಕಪ್ಪು ಗೆರೆಗಳು. ಏಣಿ ಹತ್ತಿ ಇಳಿದ ಮೇಲೆ ಮಣದಣ್ಣ ಸ್ಕ್ಯಾನರ್ ಹಿಡಿದು ಆ ಗೆರೆಗಳಿಗೆ ಬೆಳಕು ಬಿಟ್ಟರೆ, ಕೀಂ ಎಂದು ಸದ್ದಾಗಿ, ಏಣಿ ಪಾಸಾಯಿತೆಂದು ಪರದೆಯಲ್ಲಿ ಅವನ ಹೆಸರಿನಲ್ಲೇ ದಾಖಲಾಗುತ್ತಿತ್ತು. ಸ್ಟಿಕ್ಕರನ್ನು ಅಂಟಿಸಿದ್ದು ಏಣಿಯ ಕಾಲಿನ ಬಳಿ, ನೀಲಿ ರಬ್ಬರ್ ಪಾದಕ್ಕಿಂತ ಒಂದು ಗೇಣು ಮೇಲೆ. ಮೊದಲ ದಿನವೇ ಮಣದಣ್ಣ ಹೇಳಿದ, "ಸಾರ್, ಇದು ಮೇಲಿನ ಹಲಗೆ ಮೇಲಿರ್ಲಿ. ಗೀಟು ಅಲ್ಲೇ ಇರ್ತಿತ್ತು." ಸಾಫ್ಟ್‌ವೇರ್ ಕೂರಿಸಲು ಬಂದಿದ್ದ ಇಂಜಿನಿಯರ್ ನಯವಾಗಿ, "ಗೋಡೌನ್‌ನವರಿಗೆ ಸುಲಭವಾಗಿ ಸಿಗ್ಬೇಕಲ್ವಾ ಯಜಮಾನ್ರೇ, ಕೆಳಗೇ ಇರ್ಲಿ" ಎಂದರು. ಓದಿದವರು ಹೇಳಿದ ಮೇಲೆ ಸರಿಯೇ ಇರಬೇಕೆಂದು ಇವನು ಬಾಯಿ ಮುಚ್ಚಿಕೊಂಡ. ಮೇಲಿನ ಗೀಟನ್ನು ಎಳೆಯಬೇಕಾದರೆ ಮನುಷ್ಯ ಮೇಲೆ ಹೋಗಲೇಬೇಕಿತ್ತು. ಕೆಳಗಿನ ಗೆರೆಗಳಿಗೆ ಬಗ್ಗಿದರೆ ಸಾಕು. ಇಡೀ ಕಥೆ ಇರುವುದು ಇಷ್ಟರಲ್ಲೇ.

ಅದಾಗಿ ನಾಲ್ಕನೆಯ ತಿಂಗಳಿಗೆ ಅವನ ಬಲಮೊಣಕಾಲು ಊದಿಕೊಂಡಿತು. ರಜೆ ಹಾಕಬಹುದಿತ್ತು. ಆದರೆ ಅವನ ಚೌಕ ಕೆಂಪಾದರೆ ಹಿಂದಿನವರ ಕೆಲಸವೂ ನಿಂತು, ಹದಿನಾಲ್ಕು ಜನ ಅವನ ಮುಖ ನೋಡುತ್ತಾರೆ. ಮೊದಲ ದಿನ ಹಲ್ಲುಕಚ್ಚಿ ಹತ್ತು ಏಣಿ ಹತ್ತಿದ. ಹನ್ನೊಂದನೆಯದಕ್ಕೆ ಕಾಲು ಎತ್ತಲಾಗಲಿಲ್ಲ. ರಿವೆಟ್ ಹೊಡೆಯುವವನು ಒಂದು ಸ್ಟೂಲು ತಂದುಕೊಟ್ಟು, "ಕೂತ್ಕೊಂಡೇ ನೋಡು ಮಣದಣ್ಣ, ನಾವೇನು ನಿನ್ನೆ ಮೊನ್ನೆ ರಿವೆಟ್ ಹೊಡೆಯೋಕೆ ಕಲಿತಿದ್ದೀವಾ" ಎಂದ. ಮಣದಣ್ಣ ಕೂತ. ಹತ್ತುವುದಕ್ಕಾಗಿಯೇ ಇದ್ದ ಮನುಷ್ಯ ಸ್ಟೂಲಿನ ಮೇಲೆ ಕೂತು, ಕೊಂಡಿಯನ್ನು ಕಣ್ಣಿನಲ್ಲೇ ನೋಡಿ, ಬಗ್ಗಿ ಬಗ್ಗಿ ಕೀಂ ಕೀಂ ಅನ್ನಿಸಿದ. ಹೀಗೆ ಮೂರು ದಿನ. ನೂರ ಹನ್ನೆರಡು ಏಣಿ. ಪರದೆ ಎಲೆಯ ಹಾಗೆ ಹಸಿರಾಗಿತ್ತು. ಮೊಣಕಾಲಿನ ಊತ ಇಳಿದ ಮೇಲೆ ಮತ್ತೆ ಹತ್ತತೊಡಗಿದ, ಆ ಮೂರು ದಿನದ ಮಾತನ್ನು ಯಾರೂ ಎತ್ತಲಿಲ್ಲ.

ಹೆಂಡತಿಯ ತಂಗಿ ಅದೇ ಕಾರ್ಖಾನೆಯ ಮೇಲಿನ ಆಫೀಸಿನಲ್ಲಿ ಗ್ರಾಹಕರ ದೂರು ನೋಡಿಕೊಳ್ಳುತ್ತಿದ್ದಳು. ಇವರ ಮನೆಯಲ್ಲೇ ಇರುತ್ತಿದ್ದಳು, ಕೆಲಸ ಕೊಡಿಸಿದವನೂ ಇವನೇ. ದೂರು ಬಂದರೆ ಅವಳು ಏಣಿಯ ನಂಬರನ್ನು ಸಾಫ್ಟ್‌ವೇರಿಗೆ ಕೊಡಬೇಕು. ಆ ಏಣಿ ಯಾವ ದಿನದ್ದು, ಯಾರು ರಿವೆಟ್ ಹೊಡೆದರು, ಯಾರು ಪಾಸು ಮಾಡಿದರು ಎಂದು ಅದು ಜಾತಕವನ್ನೇ ಬಿಚ್ಚಿಡುತ್ತದೆ. ಆಮೇಲೆ ಅವಳು ಹನ್ನೊಂದು ಕಾರಣಗಳ ಪಟ್ಟಿಯಲ್ಲಿ ಒಂದನ್ನು ಆರಿಸಿ ಎರಡು ದಿನದೊಳಗೆ ದೂರು ಮುಗಿಸಬೇಕು. ಪಟ್ಟಿಯಲ್ಲಿ ಮೊದಲನೆಯದೇ 'ಗ್ರಾಹಕರ ಬಳಕೆಯ ತಪ್ಪು'. ಕಾರಣ ತಿಳಿಯದ ದೂರುಗಳೆಲ್ಲ ಅಲ್ಲಿಗೇ ಹೋಗಿ ಬೀಳುತ್ತಿದ್ದವು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಕೆಳಗಿಳಿದು ಬಂದಳು. ಯಾವತ್ತೂ ಬರುವವಳಲ್ಲ.

"ಭಾವ, ಒಂದು ದೂರು ಬಂದಿತ್ತು. ಕಿಟಕಿ ಪರದೆ ಹೊಲಿದು ಮನೆಮನೆಗೆ ಕಟ್ಟಿ ಕೊಡೋ ಹೆಂಗಸಂತೆ. ಆರನೇ ಮೆಟ್ಟಿಲ ಮೇಲೆ ನಿಂತಾಗ ಕೊಂಡಿ ಬಿಟ್ಕೊಂಡು ಏಣಿ ಮಡಚ್ಕೊಂಡಿದೆ. ಎಡಗೈ ಮುರಿದಿದೆ."

"ನಂಬರು?"

ಅವಳು ನಂಬರು ಹೇಳಲಿಲ್ಲ. ಏಣಿ ಪಾಸಾದ ತಾರೀಕು ಹೇಳಿದಳು. ಮಣದಣ್ಣನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನಿಮ್ಮ ಹೆಸರು ಬಂತು ಭಾವ. ನೀವು ಹತ್ತಿ ನೋಡದೆ ಬಿಡೋರಲ್ಲ ಅಂತ ಗೊತ್ತು. ಅದಕ್ಕೇ ಬಳಕೆಯ ತಪ್ಪು ಅಂತ ಹಾಕಿ ಮುಗಿಸಿಬಿಟ್ಟೆ." ಅವನ ಮುಖ ನೋಡಿ ಅವಳ ದನಿ ಇಳಿಯಿತು. "ಹತ್ತಿದ್ರಿ ತಾನೇ?"

ಅವನು ಮೊಣಕಾಲು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಇವನು ಮುಟ್ಟಿಕೊಂಡದ್ದು ಮೊಣಕಾಲು. ನಾದಿನಿಗೆ ಅಷ್ಟು ಸಾಕಾಯಿತು. "ಮುಗಿದಿದೆ ಬಿಡಿ ಭಾವ, ಇನ್ನು ಕೆದಕೋದು ಬೇಡ" ಎಂದು ಹೊರಟುಹೋದಳು.

ಮುಗಿದಿರಲಿಲ್ಲ. ದೂರು ಮುಗಿಸಿದ ಕೂಡಲೇ ಸಾಫ್ಟ್‌ವೇರ್ ತಾನೇ ಆ ಹೆಂಗಸಿಗೆ ಒಂದು ಸಂದೇಶ ಕಳಿಸಿತ್ತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ಏಣಿಯನ್ನು ಸೂಚನೆಯಂತೆ ಬಳಸಿ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಕೈಮುರಿದವಳನ್ನು ನಕ್ಷತ್ರ ಕೇಳುವ ಬುದ್ಧಿ ಯಂತ್ರಕ್ಕಲ್ಲದೆ ಮನುಷ್ಯನಿಗೆ ಬಂದೀತೇ? ಅವಳು ನಕ್ಷತ್ರ ಕೊಡಲಿಲ್ಲ. ಒಂದೇ ಸಾಲು ಬರೆದು ಕಳಿಸಿದಳು. 'ಇದನ್ನು ಮಾರುವ ಮೊದಲು ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಹತ್ತಿ ನೋಡಿದ್ದಿರಾ?'

ಸಂಜೆ ನಾದಿನಿ ಅದನ್ನು ತೋರಿಸದೆ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಅವಳಿಗೂ ಒಬ್ಬಳೇ ಹೊರಲಾರದ ಭಾರ. ಮಣದಣ್ಣ ಓದಿದ. ಮತ್ತೆ ಓದಿದ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯತೊಡಗಿದ. ಒಂದು ಏಣಿ ಬಿದ್ದಾಯಿತು. ಉಳಿದ ನೂರ ಹನ್ನೊಂದು ಎಲ್ಲಿವೆ? ಯಾರ ಮನೆಯ ದೀಪದ ಕೆಳಗೆ, ಯಾವ ಶಾಲೆಯ ಗೋಡೆಗೆ, ಯಾವ ಮುದುಕಿಯ ಅಟ್ಟದ ಬಾಯಿಗೆ? ಈ ಗಳಿಗೆಯಲ್ಲೇ ಯಾರೋ ಆರನೆಯ ಮೆಟ್ಟಿಲ ಮೇಲೆ ಕಾಲಿಡುತ್ತಿರಬಹುದು.

ಎಂಟು ದಿನ ಹೀಗೇ ಕಳೆಯಿತು. ಕೆಲಸದಲ್ಲಿ ಒಂದೊಂದು ಏಣಿಯನ್ನೂ ಎರಡೆರಡು ಸಲ ಹತ್ತುತ್ತಿದ್ದ, ಚೌಕ ಕೆಂಪಾಗುತ್ತಿತ್ತು, ಮ್ಯಾನೇಜರ್ ಬಂದು ನಿಲ್ಲುತ್ತಿದ್ದರು. ಬೀದಿಯಲ್ಲಿ ಏಣಿ ಕಂಡರೆ ಕಾಲು ತಾನಾಗಿ ಅತ್ತ ತಿರುಗುತ್ತಿತ್ತು. ಹೇಳೋಣವೆಂದರೆ ಅವನ ಕೆಲಸದ ಜೊತೆಗೆ, ಪ್ರೀತಿಯಿಂದ ಸುಳ್ಳು ಕಾರಣ ಹಾಕಿದ ನಾದಿನಿಯ ಕೆಲಸವೂ ಹೋಗುತ್ತದೆ. ಸುಮ್ಮನಿರೋಣವೆಂದರೆ ಆ ಒಂದು ಸಾಲು ಬಿಡುವುದಿಲ್ಲ. ಉಗುಳಲೂ ಆಗದ ನುಂಗಲೂ ಆಗದ ತುತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿ ಅವನ ದಾರಿಗೆ ಅಡ್ಡ ನಿಂತಳು. ಅಕ್ಕತಂಗಿಯರ ನಡುವೆ ಮಾತಾಗಿತ್ತೆಂದು ಕಾಣುತ್ತದೆ.

"ಆ ಹೆಂಗಸಿನ ಕೈ ಮುರಿದಿದೆ ಸರಿ. ನಿಮ್ಮ ಬಾಯಿ ಮುರಿದಿಲ್ವಲ್ಲ?"

"ನಿನ್ನ ತಂಗಿ ಕೆಲಸ?"

"ಅವಳು ಬೈಕೊಳ್ತಾಳೆ, ಅಳ್ತಾಳೆ, ಆಮೇಲೆ ಇನ್ನೊಂದು ಕೆಲಸ ಹುಡುಕ್ತಾಳೆ. ಇನ್ನೊಬ್ರು ಬಿದ್ರೆ ನೀವು ಏನು ಹುಡುಕ್ತೀರಿ?"

ಅವನು ಕಾರ್ಖಾನೆಯ ಮೇಲಿನ ಆಫೀಸಿಗೆ ಮೊದಲ ಸಲ ಹತ್ತಿಹೋದ. ನಾದಿನಿಯ ಮೇಜಿನ ಮುಂದೆ ನಿಂತು, "ಆ ದೂರು ತೆಗಿಯಮ್ಮ" ಎಂದ.

"ಭಾವ, ಬೇಡ."

"ಕಾರಣದ ಜಾಗದಲ್ಲಿ, ಹತ್ತಿ ನೋಡಿಲ್ಲ ಅಂತ ಹಾಕು."

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಹನ್ನೊಂದರಲ್ಲಿ ಅಂಥದ್ದೊಂದು ಇರಲಿಲ್ಲ. ಅಷ್ಟೆಲ್ಲ ಯೋಚಿಸಿ ಪಟ್ಟಿ ಮಾಡಿದ ಬುದ್ಧಿವಂತರಿಗೆ, ಕೆಲಸ ಮಾಡಿಲ್ಲ ಎಂದು ಒಬ್ಬ ತಾನಾಗಿ ಬಂದು ಹೇಳುತ್ತಾನೆಂದು ಹೊಳೆದಿರಲಿಲ್ಲ. ಕೊನೆಗೆ 'ಇತರೆ' ಒತ್ತಿ, ಕೈಯಾರೆ ಟೈಪು ಮಾಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಯಾವ ಯಾವ ಏಣಿ ಎಂದು ಯಂತ್ರ ಕೇಳಿತು. ಅವನು ಆ ಮೂರು ದಿನದ ಸಾಲು ನಂಬರುಗಳನ್ನು ಬಾಯಲ್ಲೇ ಹೇಳಿದ, ಎಂಟು ದಿನದಿಂದ ಅವನ ತಲೆಯಲ್ಲಿ ಬೇರೇನೂ ಓಡಿರಲಿಲ್ಲ. ನೂರ ಹನ್ನೆರಡು ನಂಬರುಗಳೂ ಒಮ್ಮೆಲೇ ಕೆಂಪಾದವು.

ಮ್ಯಾನೇಜರ್ ಈ ಸಲ ಬೈದರು. ಬೈಯಲು ಬರುತ್ತದೆಂದು ಎಲ್ಲರಿಗೂ ಅಂದೇ ಗೊತ್ತಾದದ್ದು. ಆದರೆ ಬೈದು ಮುಗಿಸಿ, ಅಂಗಡಿ ಅಂಗಡಿಗೂ ತಾವೇ ಫೋನು ಮಾಡಿ ಏಣಿ ವಾಪಸ್ ತರಿಸಿದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾದಿನಿಯನ್ನು ದೂರಿನ ಮೇಜಿನಿಂದ ಎಬ್ಬಿಸಿ ಗೋಡೌನಿಗೆ ಹಾಕಿದರು. ಅವಳು ಒಂದು ತಿಂಗಳು ಭಾವನ ಜೊತೆ ಮಾತಾಡಲಿಲ್ಲ, ತಟ್ಟೆಯನ್ನು ಮಾತ್ರ ಅವನ ಮುಂದೆ ಸದ್ದು ಮಾಡಿ ಇಡುತ್ತಿದ್ದಳು. ಮಣದಣ್ಣನ ಕೆಲಸ ತೆಗೆಯಲಿಲ್ಲ, ಬಂದ ಏಣಿಗಳನ್ನು ಹತ್ತಿ ನೋಡಲು ನೂರಾ ನಾಲ್ಕು ಕೆಜಿಯ ಇನ್ನೊಬ್ಬ ಸಿಗಬೇಕಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಒಂದೊಂದನ್ನೂ ಹತ್ತಿದ. ನಾಲ್ಕರಲ್ಲಿ ರಿವೆಟ್ ಗಿಡ್ಡವಾಗಿತ್ತು, ಮೈ ಕುಲುಕಿದರೆ ಕೊಂಡಿ ಬಿಡುತ್ತಿತ್ತು. ಒಂದು ಅವನನ್ನೂ ನೆಲಕ್ಕೆ ಕೆಡವಿತು. ಹತ್ತಿದ ಏಣಿಯನ್ನು ಒದೆಯುವವರನ್ನು ಎಲ್ಲರೂ ನೋಡಿದ್ದಾರೆ, ಹತ್ತದ ಏಣಿಯಿಂದ ಒದೆ ತಿಂದವನು ಇವನೊಬ್ಬನೇ. ಸ್ಟಿಕ್ಕರು ಅಂದಿನಿಂದ ಮೇಲಿನ ಹಲಗೆಗೆ ಹೋಯಿತು.

ನೂರ ಹನ್ನೊಂದರಲ್ಲಿ ನೂರ ಎಂಟು ಬಂದವು. ಮೂರು ಬರಲಿಲ್ಲ. ಯಾರಿಗೆ ಮಾರಿದೆವೋ ನೆನಪಿಲ್ಲ ಎಂದರು ಅಂಗಡಿಯವರು.

ಇನ್ನು ಆ ಹೆಂಗಸಿನ ದೂರು. ಕಂಪನಿ ಹೊಸ ಏಣಿ ಕೊಡುತ್ತೇವೆಂದರೆ ಅವಳು ಬೇಡವೆಂದಳು. ಹತ್ತಿ ನೋಡುವ ಮನುಷ್ಯ ಬಂದು ನನ್ನ ಕಣ್ಣೆದುರು ಹತ್ತಿದರೆ ತೆಗೆದುಕೊಳ್ಳುತ್ತೇನೆ ಎಂದಳು. ಮಣದಣ್ಣ ವ್ಯಾನಿನಲ್ಲಿ ಏಣಿಯ ಪಕ್ಕದಲ್ಲೇ ಕೂತು ಹೋದ.

ಚಿಕ್ಕ ಅಂಗಡಿ. ಮೂಲೆಯಲ್ಲಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು, ಎಷ್ಟೋ ದಿನದಿಂದ ಓಡಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಅವಳ ಎಡಗೈ ಕತ್ತಿಗೆ ಕಟ್ಟಿದ ಪಟ್ಟಿಯಲ್ಲಿ ಜೋತುಬಿದ್ದಿತ್ತು.

"ನೀವೇನಾ?"

"ನಾನೇ. ನಿಮ್ಮ ಏಣಿ ನಾನು ಹತ್ತಿರ್ಲಿಲ್ಲ. ಹತ್ತಿದ್ದೀನಿ ಅಂತ ಬರೆದಿದ್ದೆ."

ಅವನು ಅಂಗಡಿಯ ಮುಂದೆ ಏಣಿ ಬಿಡಿಸಿ, ಕೊಂಡಿ ಸಿಕ್ಕಿಸಿ, ಮೆಟ್ಟಿಲ ಮೇಲೆ ಕಾಲಿಟ್ಟ. ಮೂರನೆಯ ಮೆಟ್ಟಿಲಿನಲ್ಲಿ ಮೊಣಕಾಲು ಹಿಡಿದುಕೊಂಡಿತು. ಅವನು ತಡೆದು ನಿಂತದ್ದನ್ನು ಕಂಡು ಅವಳು ಹತ್ತಿರ ಬಂದು, ಇದ್ದ ಒಂದೇ ಕೈಯಲ್ಲಿ ಏಣಿಯನ್ನು ಒತ್ತಿ ಹಿಡಿದಳು. ಅವನಿಗೆ ಕೆಳಗೆ ನೋಡುವ ಧೈರ್ಯ ಬರಲಿಲ್ಲ. ಆರನೆಯದರ ಮೇಲೆ ನಿಂತು ಎರಡು ಸಲ ಮೈ ಕುಲುಕಿದ. ಏಣಿ ಅಲುಗಲಿಲ್ಲ.

ಇಳಿದಾಗ ಅವಳ ಫೋನು ಸದ್ದು ಮಾಡಿತು. ದೂರು ಪರಿಹಾರವಾಯಿತೇ, ಹೌದು ಅಥವಾ ಇಲ್ಲ ಎಂದು ಒತ್ತಿ.

"ನಾನು ಹೌದು ಅಂದ್ರೆ ಏನಾಗುತ್ತೆ?"

"ಮುಗಿಯುತ್ತೆ. ಅದರ ಜೊತೆ ನಾನು ಹತ್ತದೆ ಬಿಟ್ಟ ಬೇರೆ ಏಣಿಗಳ ಹುಡುಕಾಟವೂ ಮುಗಿಯುತ್ತೆ." ಅವನು ಸುಳ್ಳು ಹೇಳಿ ದಣಿದಿದ್ದ. "ಇನ್ನೂ ಮೂರು ಸಿಕ್ಕಿಲ್ಲ."

ಅವಳು ಅವನನ್ನು ನೋಡಿದಳು. ಹೆಬ್ಬೆರಳಿನಿಂದ 'ಇಲ್ಲ' ಒತ್ತಿದಳು. "ಅವು ಸಿಕ್ಕಿದ ದಿನ ಫೋನ್ ಮಾಡಿ. ಆವತ್ತು ಹೌದು ಅಂತೀನಿ."

ಹಿಂತಿರುಗುವಾಗ ವ್ಯಾನು ನಾಲ್ಕು ರಸ್ತೆ ಕೂಡುವಲ್ಲಿ ನಿಂತಿತು. ಅಲ್ಲಿ ಒಬ್ಬ ಬೋರ್ಡು ಬರೆಯುವವನು ಅಂಗಡಿಯ ನೆತ್ತಿಯ ಮೇಲೆ ಅಕ್ಷರ ಬರೆಯುತ್ತಿದ್ದ. ಅವನ ಏಣಿಗೆ ನೀಲಿ ರಬ್ಬರ್ ಪಾದ, ಅದಕ್ಕಿಂತ ಒಂದು ಗೇಣು ಮೇಲೆ ಬಣ್ಣ ಮೆತ್ತಿಕೊಂಡ ಸ್ಟಿಕ್ಕರು. ಡ್ರೈವರ್ ಬೇಡ ಬೇಡ ಎನ್ನುತ್ತಿದ್ದಂತೆಯೇ ಮಣದಣ್ಣ ಬಾಗಿಲು ತೆಗೆದು, ಕುಂಟುತ್ತ ರಸ್ತೆ ದಾಟಿದ. ಎರಡೂ ಕೈಯಲ್ಲಿ ಏಣಿಯನ್ನು ಹಿಡಿದು ನಿಂತ.

"ಸ್ವಲ್ಪ ಇಳೀತೀರಾ? ನಂಬರ್ ನೋಡ್ಬೇಕು."

ಬೋರ್ಡಿನವನು ಕುಂಚ ಎತ್ತಿಕೊಂಡೇ ಕೆಳಗೆ ಬಗ್ಗಿದ. "ಯಾರಪ್ಪ ನೀನು?"

"ನಿಮಗಿಂತ ಮುಂಚೆ ಇದನ್ನ ಹತ್ತಬೇಕಾಗಿದ್ದೋನು" ಎಂದ ಮಣದಣ್ಣ.